ಲೆಕ್ಕ ಮೀರುವ ತಿಂಗಳುಗಳು: ಪಾರದರ್ಶಕ ಅಲೈನರ್ ಚಿಕಿತ್ಸೆ ಏಕೆ ತಡವಾಗುತ್ತದೆ

ಸೊಟ್ಟಗಿರುವ, ಒಂದರ ಮೇಲೊಂದು ಏರಿರುವ ಅಥವಾ ನಡುವೆ ಸಂದು ಬಿಟ್ಟಿರುವ ಹಲ್ಲುಗಳನ್ನು ಸಾಲಿಗೆ ತರುವ ವಕ್ರದಂತ ಚಿಕಿತ್ಸೆಯಲ್ಲಿ, ಜನರ ಬಾಯಲ್ಲಿ ‘ಕ್ಲಿಪ್’ ಎಂದೇ ಹೆಸರಾಗಿರುವ ತಂತಿಯ ಬ್ರೇಸಸ್‌ಗೆ ಪರ್ಯಾಯವಾಗಿ ಕಳೆದ ಎರಡೂವರೆ ದಶಕಗಳಲ್ಲಿ ಪಾರದರ್ಶಕ ಅಲೈನರ್‌ಗಳು ಬಳಕೆಗೆ ಬಂದಿವೆ. ಅಲೈನರ್ ಎಂದರೆ ಹಲ್ಲುಸಾಲಿನ ಮೇಲೆ ಬಿಗಿಯಾಗಿ ಕೂರುವ, ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದ, ಬೇಕೆಂದಾಗ ತೆಗೆದಿಡಬಹುದಾದ ತೆಳು ಪ್ಲಾಸ್ಟಿಕ್ ಕವಚ. ಇಂತಹ ಕವಚಗಳ ಒಂದು ಸರಣಿಯೇ ಸಿದ್ಧವಾಗಿ, ಒಂದೊಂದೂ ಹಲ್ಲುಗಳನ್ನು ಹಿಂದಿನದಕ್ಕಿಂತ ತುಸು ಮುಂದಕ್ಕೆ ಸರಿಸುತ್ತ ಹೋಗಬೇಕೆಂಬುದು ಈ ಚಿಕಿತ್ಸೆಯ ತತ್ತ್ವ. ಚಿಕಿತ್ಸೆ ಆರಂಭವಾಗುವ ಮೊದಲೇ ರೋಗಿಗೆ ಒಂದು ಸಂಖ್ಯೆ ತಿಳಿಯುತ್ತದೆ. ಒಟ್ಟು 28 ಜೊತೆ, ಎರಡು ವಾರಕ್ಕೆ ಒಂದು ಎಂದರೆ 56 ವಾರ, ಅಂದರೆ ಸುಮಾರು ಹದಿಮೂರು ತಿಂಗಳು ಎಂಬ ಲೆಕ್ಕ ಅದು. ಗುಣಾಕಾರದಲ್ಲಿ ಯಾವ ದೋಷವೂ ಇಲ್ಲ. ಆದರೆ ಅದು ಎಣಿಸುವುದು ತಯಾರಾಗುವ ಪ್ಲಾಸ್ಟಿಕ್ ಕವಚಗಳನ್ನು ಮಾತ್ರ, ಆ ಕವಚಗಳ ಒತ್ತಡಕ್ಕೆ ಮೂಳೆ ಎಷ್ಟು ಬೇಗ ಮಣಿಯುತ್ತದೆ ಎಂಬುದು ಆ ಸಂಖ್ಯೆಯೊಳಗೆ ಸೇರಿರುವುದಿಲ್ಲ. ಹದಿಮೂರು ತಿಂಗಳೆಂದು ತೊಡಗಿದ್ದು ಇಪ್ಪತ್ತು ತಿಂಗಳಿಗೆ ಮುಟ್ಟಿದಾಗ ರೋಗಿಗೆ ಆಗುವ ನಿರಾಶೆಗೆ ಬಹುಮಟ್ಟಿಗೆ ಈ ಅಂತರವೇ ಕಾರಣ.

ಹಲ್ಲುಗಳ ಅಚ್ಚು ತೆಗೆದು, ಅದರಲ್ಲಿನ ಹಲ್ಲುಗಳನ್ನು ಬೇಕಾದ ಸ್ಥಾನಕ್ಕೆ ಜೋಡಿಸಿ, ಆ ಹೊಸ ಜೋಡಣೆಯ ಮೇಲೆ ಕವಚವೊಂದನ್ನು ಮಾಡಿ ಬಾಯಿಗೆ ತೊಡಿಸುವ ಆಲೋಚನೆ ಹೊಸದೇನಲ್ಲ. ಅಮೆರಿಕದ ದಂತವೈದ್ಯ ಎಚ್. ಡಿ. ಕೆಸ್ಲಿಂಗ್ ಬ್ರೇಸಸ್ ತೆಗೆದ ನಂತರ ಉಳಿಯುವ ಸಣ್ಣಪುಟ್ಟ ಓರೆಗಳನ್ನು ಸರಿಪಡಿಸಲು ಇಂತಹ ರಬ್ಬರಿನ ಸಾಧನವೊಂದನ್ನು 1945ರಲ್ಲಿ ವಿವರಿಸಿದ್ದರು. ಆದರೆ ಪ್ರತಿ ಹೆಜ್ಜೆಗೂ ಕೈಯಿಂದ ಹೊಸ ಅಚ್ಚು ಮಾಡುವುದು ದೊಡ್ಡ ಪ್ರಮಾಣದಲ್ಲಿ ಸಾಧ್ಯವಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯವಹಾರಾಡಳಿತ ಓದಿದ್ದ ಜಿಯಾ ಚಿಷ್ಟಿ ಮತ್ತು ಕೆಲ್ಸಿ ವರ್ತ್ 1997ರಲ್ಲಿ ಅಲೈನ್ ಟೆಕ್ನಾಲಜಿ ಕಂಪನಿಯನ್ನು ಸ್ಥಾಪಿಸಿ, ಹಲ್ಲುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ವಿಂಗಡಿಸಿ, ಪ್ರತಿ ಹೆಜ್ಜೆಯ ಮಾದರಿಯನ್ನೂ ಯಂತ್ರದಿಂದಲೇ ತಯಾರಿಸುವ ದಾರಿ ಕಂಡುಕೊಂಡರು. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆತ ಬಳಿಕ ‘ಇನ್‌ವಿಸಲೈನ್’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಇಬ್ಬರೂ ದಂತವೈದ್ಯರಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು, ಏಕೆಂದರೆ ಈ ಚಿಕಿತ್ಸೆಯ ಬಲ ಮತ್ತು ಮಿತಿ ಎರಡೂ ಅದರ ಗಣಕಮೂಲದಲ್ಲೇ ಇವೆ. ಬಾಯಿಯನ್ನು ಸ್ಕ್ಯಾನ್ ಮಾಡಿದಾಗ ತಂತ್ರಾಂಶಕ್ಕೆ ಸಿಗುವುದು ವಸಡಿನ ಮೇಲೆ ಕಾಣುವ ಹಲ್ಲಿನ ತಲೆಯ ಆಕಾರವಷ್ಟೇ. ವಿಶೇಷ ಎಕ್ಸ್-ರೇ ಚಿತ್ರಗಳನ್ನು ಸೇರಿಸದ ಹೊರತು ಬೇರಿನ ಉದ್ದವಾಗಲಿ, ಅದರ ಬಾಗಾಗಲಿ, ಸುತ್ತಲಿನ ಮೂಳೆಯ ದಪ್ಪವಾಗಲಿ ಅದಕ್ಕೆ ಗೊತ್ತಿರುವುದಿಲ್ಲ. ರೋಗಿಗೆ ತೋರಿಸುವ ಚಲಚ್ಚಿತ್ರದಲ್ಲಿ ಹಲ್ಲುಗಳು ಯಾವ ತಡೆಯೂ ಇಲ್ಲದ ಶೂನ್ಯದಲ್ಲಿ ಜಾರಿ ಬಂದು ಸಾಲುಗೂಡುತ್ತವೆ.

ನಿಜವಾದ ಬಾಯಿಯಲ್ಲಿ ಹಲ್ಲು ಸರಿಯಬೇಕಾದರೆ ಅದರ ದಾರಿಯಲ್ಲಿರುವ ಮೂಳೆ ಕರಗಬೇಕು. ಹಲ್ಲಿನ ಬೇರಿಗೂ ದವಡೆಮೂಳೆಯ ಗೂಡಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ರಕ್ತನಾಳಗಳಿಂದ ತುಂಬಿರುವ ಈ ಬಂಧಕ ಪದರದಿಂದಾಗಿಯೇ ಹಲ್ಲು ಗೂಡಿನಲ್ಲಿ ತೂಗುಬಿಟ್ಟಂತೆ ನಿಂತಿರುತ್ತದೆ. ಹಲ್ಲನ್ನು ಒಂದು ದಿಕ್ಕಿಗೆ ಒತ್ತಿದಾಗ ಆ ಬದಿಯ ಪದರ ಅಮುಕಿಕೊಂಡು, ಎದುರು ಬದಿಯದು ಹಿಗ್ಗುತ್ತದೆ. ಅಮುಕಿದ ಬದಿಯಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹಿಗ್ಗಿದ ಬದಿಯಲ್ಲಿ ಮೂಳೆ ಕಟ್ಟುವ ಜೀವಕೋಶಗಳೂ ಕೆಲಸಕ್ಕೆ ತೊಡಗುತ್ತವೆ. ಒತ್ತಡ ಹದವಾಗಿದ್ದರೆ ಈ ಕೆಲಸ ನಿಧಾನವಾಗಿಯಾದರೂ ಎಡೆಬಿಡದೆ ಸಾಗುತ್ತದೆ. ಒತ್ತಡ ಹೆಚ್ಚಾದರೆ ಮಾತ್ರ ವಿಚಿತ್ರವಾದದ್ದೊಂದು ಸಂಭವಿಸುತ್ತದೆ: ಪದರದಲ್ಲಿನ ರಕ್ತನಾಳಗಳು ಮುಚ್ಚಿಹೋಗಿ, ಅಲ್ಲಿನ ಜೀವಕೋಶಗಳು ಸತ್ತು, ಸೂಕ್ಷ್ಮದರ್ಶಕದಲ್ಲಿ ಗಾಜಿನಂತೆ ಕಾಣುವ ನಿರ್ಜೀವ ತೇಪೆಯೊಂದು ಉಳಿಯುತ್ತದೆ. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಾಯಿಗಳ ಹಲ್ಲಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದನ್ನು ಗುರುತಿಸಿದ್ದರು. ಮೂಳೆ ಕರಗಿಸುವ ಕೋಶಗಳು ಆ ತೇಪೆಯ ಹಿಂಬದಿಯಿಂದ ಕೊರೆದು ಬಂದು ಅದನ್ನು ತೆರವುಗೊಳಿಸುವವರೆಗೆ, ಅಂದರೆ ಕೆಲವು ವಾರಗಳ ಕಾಲ, ಹಲ್ಲು ಇದ್ದಲ್ಲೇ ನಿಂತುಬಿಡುತ್ತದೆ. ಬೇಗ ಮುಗಿಯಲೆಂದು ಹೆಚ್ಚು ಒತ್ತಿದರೆ ತಡವಾಗುತ್ತದೆಯೆಂಬ ಈ ಸಂಗತಿ ವಕ್ರದಂತ ಶಾಸ್ತ್ರದ ತಳಹದಿಗಳಲ್ಲೊಂದು.

ಒಂದು ಅಲೈನರ್ ಒಂದು ಹಲ್ಲನ್ನು ಸಾಮಾನ್ಯವಾಗಿ 0.25 ಮಿಲಿಮೀಟರಿಗಿಂತ ಹೆಚ್ಚು ಸರಿಸದಂತೆ ಯೋಜಿಸುವುದಕ್ಕೆ ಕಾರಣವೂ ಇಲ್ಲಿಯೇ ಸಿಗುತ್ತದೆ. ಆ ಅಳತೆ ಬಂಧಕ ಪದರದ ದಪ್ಪಕ್ಕೆ ಹತ್ತಿರವಾದದ್ದು. ಆದರೆ ಮೂಳೆಯ ಸಾಂದ್ರತೆ, ವಯಸ್ಸು, ವಸಡಿನ ಆರೋಗ್ಯ, ಬೇರಿನ ಆಕಾರ ಇವು ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರಿಂದ, ಒಂದೇ ಯೋಜನೆಯಡಿ ಇಬ್ಬರ ಹಲ್ಲುಗಳು ಎರಡು ವೇಗದಲ್ಲಿ ಸರಿಯುತ್ತವೆ. ವಯಸ್ಕರಲ್ಲಿ ಮೊದಲ ಚಲನೆ ಆರಂಭವಾಗುವುದಕ್ಕೇ ಮಕ್ಕಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ, ಅಲೈನರ್ ಬಯಸಿ ಬರುವವರಲ್ಲಿ ವಯಸ್ಕರೇ ಹೆಚ್ಚು. ಅಪರೂಪಕ್ಕೆ, ಹಿಂದೆಂದೋ ಪೆಟ್ಟು ಬಿದ್ದ ಹಲ್ಲೊಂದು ಬಂಧಕ ಪದರವನ್ನೇ ಕಳೆದುಕೊಂಡು ಮೂಳೆಗೆ ನೇರವಾಗಿ ಬೆಸೆದುಹೋಗಿರುತ್ತದೆ. ಅದನ್ನು ಯಾವ ಅಲೈನರೂ ಕದಲಿಸಲಾರದು, ಹಲವು ಕವಚಗಳು ಬದಲಾದ ಮೇಲೆಯೇ ಕೆಲವೊಮ್ಮೆ ಈ ಸತ್ಯ ಹೊರಬೀಳುತ್ತದೆ.

ಮೂಳೆ ಒಂದು ಕಡೆಯಾದರೆ ಪ್ಲಾಸ್ಟಿಕ್ ಇನ್ನೊಂದು ಕಡೆ. ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ವರ್ಗದ ಹಾಳೆಯನ್ನು ಕಾಯಿಸಿ, ಮುದ್ರಿಸಿದ ಹಲ್ಲಿನ ಮಾದರಿಯ ಮೇಲೆ ಎಳೆದು ಅಲೈನರ್ ಮಾಡಲಾಗುತ್ತದೆ. ಹಿಗ್ಗಿಸಿ ಹಿಡಿದ ಪ್ಲಾಸ್ಟಿಕ್ ತನ್ನ ಬಿಗುವನ್ನು ಕ್ರಮೇಣ ಬಿಟ್ಟುಕೊಡುವುದು ಅದರ ಸಹಜ ಗುಣ. ಬಾಯಿಯ ಬೆಚ್ಚಗಿನ ತೇವದಲ್ಲಿ ಇದು ಇನ್ನಷ್ಟು ಬೇಗ ನಡೆದು, ಹೊಸ ಕವಚ ತೊಟ್ಟಾಗಿನ ಬಲದ ದೊಡ್ಡ ಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಕುಗ್ಗುತ್ತದೆ. 2013ರ ಸುಮಾರಿಗೆ ಬಂದ ಬಹುಪದರದ ಹಾಳೆಗಳು ಬಲವನ್ನು ಹೆಚ್ಚು ಕಾಲ ಹಿಡಿದಿಡುತ್ತವಾದರೂ ಈ ಗುಣವನ್ನು ಪೂರ್ತಿ ಮೀರಿಲ್ಲ. ಬ್ರೇಸಸ್‌ನಲ್ಲಿ ತಂತಿಯು ಹಲ್ಲಿಗೆ ಅಂಟಿಸಿದ ಹಿಡಿಕೆಯ ಮೂಲಕ ಹಲ್ಲನ್ನು ಎಳೆಯಲೂ ತಿರುಗಿಸಲೂ ಬಲ್ಲದು. ಅಲೈನರ್‌ಗೆ ಅಂತಹ ಹಿಡಿತವಿಲ್ಲ, ಅದು ಮಾಡಬಲ್ಲದ್ದು ತಳ್ಳುವುದನ್ನು ಮಾತ್ರ. ಆದ್ದರಿಂದ ಯಾವ ಹಲ್ಲು, ಯಾವ ಚಲನೆ ಎಂಬುದರ ಮೇಲೆ ಕಾಲ ನಿರ್ಧಾರವಾಗುತ್ತದೆ. ಅಗಲವಾದ ಮುಂದಿನ ಬಾಚಿಹಲ್ಲನ್ನು ಒಳಕ್ಕೋ ಹೊರಕ್ಕೋ ವಾಲಿಸುವುದು ಸುಲಭ. ಕೋರೆಹಲ್ಲು ಮತ್ತು ಕೆಳಗಿನ ಮುಂದವಡೆ ಹಲ್ಲುಗಳು ದುಂಡಗಿರುವುದರಿಂದ, ಅವುಗಳನ್ನು ತಿರುಗಿಸಲು ಹೊರಟ ಕವಚ ಸುತ್ತ ಜಾರುತ್ತದೆ. ಮೇಲಿನ ಬದಿಯ ಬಾಚಿಹಲ್ಲು ಚಿಕ್ಕದಾಗಿ, ಬುಡಕ್ಕೆ ಕಿರಿದಾಗಿರುವುದರಿಂದ, ಎರಡು ಬೆರಳ ನಡುವೆ ಒತ್ತಿ ಹಿಡಿದ ಹುಣಸೆಬೀಜ ಚಿಮ್ಮಿದಂತೆ ಕವಚದಿಂದ ನುಣುಚಿಕೊಂಡು, ಕೆಳಗಿಳಿಯಬೇಕಾದದ್ದು ವಸಡಿನತ್ತಲೇ ಸರಿಯುವುದುಂಟು. ಹಲ್ಲಿನ ತಲೆಯನ್ನು ವಾಲಿಸದೆ ಬೇರು ಸಮೇತ ಸರಿಸುವುದು ಇವೆಲ್ಲಕ್ಕಿಂತ ಕಷ್ಟ.

ಯೋಜಿಸಿದ ಚಲನೆಯಲ್ಲಿ ನಿಜವಾಗಿ ನಡೆಯುವುದೆಷ್ಟು ಎಂಬುದನ್ನು ಅಮೆರಿಕದ ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮುಂದಿನ ಹಲ್ಲುಗಳ ಚಲನೆಯ ನಿಖರತೆ ಸರಾಸರಿ ಶೇಕಡಾ 41ರಷ್ಟಿತ್ತು, ಹಲ್ಲನ್ನು ವಸಡಿನಿಂದ ಹೊರಕ್ಕೆ ಇಳಿಸುವ ಚಲನೆಯಲ್ಲಂತೂ ಅದು ಶೇಕಡಾ 30ರ ಆಸುಪಾಸಿಗೆ ಕುಸಿದಿತ್ತು. ಹೊಸ ಪ್ಲಾಸ್ಟಿಕ್, ಹೊಸ ತಂತ್ರಾಂಶಗಳು ಬಂದ ನಂತರ, 2020ರ ಇನ್ನೊಂದು ಅಧ್ಯಯನದಲ್ಲಿ ಈ ಸರಾಸರಿ ಶೇಕಡಾ 50ಕ್ಕೆ ಏರಿತು. ಹತ್ತು ವರ್ಷಗಳ ಸುಧಾರಣೆಯ ನಂತರವೂ ಯೋಜನೆಯ ಅರ್ಧದಷ್ಟೇ ಒಂದು ಸರಣಿಯಲ್ಲಿ ಕೈಗೂಡುತ್ತದೆಯೆಂದಾದರೆ, ಮೊದಲ ಸರಣಿಯ ಕವಚಗಳನ್ನು ಎಣಿಸಿ ಹೇಳಿದ ತಿಂಗಳುಗಳನ್ನು ಗಡುವೆಂದು ಭಾವಿಸುವುದು ತಪ್ಪು ತಿಳಿವಳಿಕೆಯೇ ಸರಿ.

ಈ ಕೊರತೆಯನ್ನು ತುಂಬಲು ವೈದ್ಯರು ಹಲ್ಲಿನ ಬಣ್ಣದ ಗಟ್ಟಿ ಅಂಟಿನಿಂದ ಹಲ್ಲಿನ ಮೇಲೆ ಪುಟ್ಟ ಗುಬುಟುಗಳನ್ನು ಕೂರಿಸುತ್ತಾರೆ. ಇವನ್ನು ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಕವಚಕ್ಕೆ ಒತ್ತಲು ಒಂದು ಮೇಲ್ಮೈ ಸಿಗಲಿ ಎಂಬುದೇ ಅವುಗಳ ಉದ್ದೇಶ. ಒಂದು ಗುಬುಟು ಉದುರಿಹೋಗಿ ಮೂರು ವಾರ ಗಮನಕ್ಕೆ ಬರದಿದ್ದರೆ ಆ ಹಲ್ಲು ಹಿಂದುಳಿಯುತ್ತದೆ, ಮುಂದಿನ ಕವಚಗಳು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಕರ್ನಾಟಕದ ಮಟ್ಟಿಗೆ ಇಲ್ಲೊಂದು ವಿಶೇಷ ಸಂಗತಿಯಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಉತ್ತರದಲ್ಲಿ ರಾಯಚೂರು ಮುಂತಾದೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಅಲ್ಲಿ ಬೆಳೆದವರ ಹಲ್ಲಿನ ಎನಾಮಲ್‌ನಲ್ಲಿ ಬಿಳಿಯ ಅಥವಾ ಕಂದು ಕಲೆಗಳು ಮೂಡಿರುತ್ತವೆ. ಹೀಗೆ ಬದಲಾದ ಎನಾಮಲ್, ಗುಬುಟು ಅಂಟಿಸುವ ಮೊದಲು ಸವರುವ ಆಮ್ಲಕ್ಕೆ ಸಮವಾಗಿ ಸ್ಪಂದಿಸುವುದಿಲ್ಲ. ಅಂಟು ಹಿಡಿಯುವುದು ಆಮ್ಲದಿಂದ ಎನಾಮಲ್ಲಿನಲ್ಲಿ ಮೂಡುವ ಸೂಕ್ಷ್ಮ ರಂಧ್ರಗಳಲ್ಲಿಯೇ ಆದ್ದರಿಂದ, ಇಂತಹ ಹಲ್ಲುಗಳಲ್ಲಿ ಗುಬುಟುಗಳು ಉದುರುವ ಸಂಭವ ಹೆಚ್ಚು. ದೂರದ ಕಂಪ್ಯೂಟರಿನಲ್ಲಿ ಸಿದ್ಧವಾದ ವೇಳಾಪಟ್ಟಿಗೆ ಪಾವಗಡದ ನೀರಿನ ಅರಿವು ಇರುವುದಿಲ್ಲ, ಆ ಅರಿವು ಇರಬೇಕಾದದ್ದು ಸ್ಥಳೀಯ ವೈದ್ಯರಿಗೆ.

ಜಾಗದ ಪ್ರಶ್ನೆಯೂ ಇಷ್ಟೇ ಮುಖ್ಯ. ಇಕ್ಕಟ್ಟಾದ ಹಲ್ಲುಗಳ ನಡುವೆ ಜಾಗ ಮಾಡಲು ಎರಡು ಹಲ್ಲುಗಳು ತಾಗುವಲ್ಲಿ ಎನಾಮಲ್ಲನ್ನು ಕೂದಲೆಳೆಯಷ್ಟು, ಹೆಚ್ಚೆಂದರೆ ಒಟ್ಟು ಅರ್ಧ ಮಿಲಿಮೀಟರಿನಷ್ಟು, ಉಜ್ಜಿ ತೆಗೆಯಬೇಕಾಗುತ್ತದೆ. ಆರೋಗ್ಯವಂತ ಹಲ್ಲನ್ನು ಉಜ್ಜಲು ಕೈ ಹಿಂಜರಿಯುವುದು ಸಹಜವಾದ್ದರಿಂದ, ಯೋಜನೆಯಲ್ಲಿ ಬರೆದದ್ದಕ್ಕಿಂತ ಕಡಿಮೆ ಉಜ್ಜುವುದು ಸಾಮಾನ್ಯ. ಆದರೆ ತಂತ್ರಾಂಶ ಆ ಜಾಗ ಸಿಕ್ಕಿದೆಯೆಂದೇ ಮುಂದಿನ ಕವಚಗಳನ್ನು ರೂಪಿಸಿರುತ್ತದೆ, ಹಲ್ಲುಗಳು ಒಂದಕ್ಕೊಂದು ತಗುಲಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮುಂಚಾಚಿದ ಹಲ್ಲುಗಳಿಗೆ, ಅಂದರೆ ಆಡುಮಾತಿನ ಉಬ್ಬುಹಲ್ಲಿಗೆ, ಇಷ್ಟು ಜಾಗ ಸಾಲದೆ ಮುಂದವಡೆ ಹಲ್ಲುಗಳನ್ನೇ ಕೀಳಬೇಕಾಗಿ ಬರುತ್ತದೆ, ಇಂತಹ ಪ್ರಕರಣಗಳು ಭಾರತದಲ್ಲಿ ಕಡಿಮೆಯೇನಲ್ಲ. ಏಳು ಮಿಲಿಮೀಟರಿನಷ್ಟು ಅಗಲದ ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ಬೇರು ಸಮೇತ ಸರಿದು ಬರಬೇಕು. ಬಾಗುವ ಪ್ಲಾಸ್ಟಿಕ್ ಆ ಖಾಲಿ ಜಾಗದಲ್ಲಿ ಬಿಲ್ಲಿನಂತೆ ಬಗ್ಗುವುದರಿಂದ ಎರಡು ಬದಿಯ ಹಲ್ಲುಗಳೂ ಗುಂಡಿಗೆ ವಾಲಿಕೊಂಡು, ಮುಂದಿನ ಹಲ್ಲುಗಳು ಕೆಳಗೆ ಜಗ್ಗುತ್ತವೆ. ಚೀನಾದಲ್ಲಿ ಹಲ್ಲು ಕಿತ್ತ ರೋಗಿಗಳನ್ನೇ ಆಯ್ದು ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಬ್ರೇಸಸ್ ತೊಟ್ಟವರಿಗೆ ಸರಾಸರಿ 22 ತಿಂಗಳು ಹಿಡಿದರೆ ಅಲೈನರ್ ತೊಟ್ಟವರಿಗೆ 31 ತಿಂಗಳು ದಾಟಿತ್ತು. ಅಲ್ಪಸ್ವಲ್ಪ ಓರೆಯಿದ್ದವರಲ್ಲಿ ಅಲೈನರ್ ಬ್ರೇಸಸ್‌ಗಿಂತ ಬೇಗ ಮುಗಿಯುವುದೂ ಉಂಟು. ಹಾಗಾಗಿ ಯಾವುದು ಬೇಗ ಎಂಬ ಪ್ರಶ್ನೆಗೆ ಬಾಯಿಯನ್ನು ನೋಡದೆ ಕೊಡುವ ಉತ್ತರಕ್ಕೆ ಬೆಲೆಯಿಲ್ಲ.

ತಡವಾದಾಗ ಮೊದಲು ಬೆರಳು ಮಾಡುವುದು ರೋಗಿಯ ಕಡೆಗೆ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ತೊಟ್ಟಿರಬೇಕು. ತಿನ್ನುವಾಗ, ನೀರಲ್ಲದೆ ಬೇರೇನನ್ನಾದರೂ ಕುಡಿಯುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬಹುದು. ಈ ನಿಯಮವನ್ನು ಕನ್ನಡ ನಾಡಿನ ದಿನಚರಿಯ ಮೇಲೆ ಇಟ್ಟು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಬೆಳಗಿನ ಕಾಫಿ, ತಿಂಡಿ, ಹನ್ನೊಂದರ ಚಹಾ, ಮಧ್ಯಾಹ್ನದ ಊಟ, ಸಂಜೆಯ ಕಾಫಿಯ ಜೊತೆಗೊಂದು ಕುರುಕಲು, ರಾತ್ರಿಯೂಟ ಎಂದು ಆರು ಬಾರಿ ತೆಗೆದು, ಪ್ರತಿ ಬಾರಿ ಬಾಯಿ ತೊಳೆದು ಮತ್ತೆ ತೊಡಲು ಅರ್ಧ ಗಂಟೆಯೆಂದರೂ ಮೂರು ಗಂಟೆ ಕಳೆಯುತ್ತದೆ. ಮದುವೆಮನೆಯಲ್ಲಿ ಜೇಬಿಗೆ ಸೇರಿದ ಕವಚ ರಾತ್ರಿ ಮಲಗುವಾಗಷ್ಟೇ ನೆನಪಾಗುವುದು, ಬಾಳೆಲೆಯ ಮಗ್ಗುಲಲ್ಲಿಟ್ಟದ್ದು ಎಲೆಯ ಜೊತೆಗೇ ಹೋಗುವುದು ಇವೂ ಆಗುವಂಥವೇ. ತೊಟ್ಟ ಗಂಟೆಗಳನ್ನು ಜನ ಇರುವುದಕ್ಕಿಂತ ಹೆಚ್ಚಾಗಿ ಹೇಳುತ್ತಾರೆಂಬುದು ಬಾಯೊಳಗೆ ಸೂಕ್ಷ್ಮ ಸಂವೇದಕ ಇಟ್ಟು ನಡೆಸಿದ ಅಧ್ಯಯನಗಳಿಂದ ತಿಳಿದಿದೆ. ಕವಚ ತೆಗೆದಿಟ್ಟ ಹೊತ್ತಿನಲ್ಲಿ ಹಲ್ಲು ಸುಮ್ಮನಿರದೆ ಹಿಂದಿನ ಸ್ಥಾನದತ್ತ ಮರಳುವುದರಿಂದ, ಕಳೆದ ಗಂಟೆಗಿಂತ ನಷ್ಟ ದೊಡ್ಡದು. ಇಷ್ಟಾದರೂ ವಿಳಂಬದ ಹೊಣೆಯನ್ನೆಲ್ಲ ರೋಗಿಯ ಶಿಸ್ತಿಗೆ ಕಟ್ಟುವುದು ನ್ಯಾಯವಲ್ಲ. ದುಂಡಗಿನ ಮುಂದವಡೆ ಹಲ್ಲು ಇಪ್ಪತ್ತೆರಡು ಗಂಟೆ ತೊಟ್ಟವರ ಬಾಯಲ್ಲಿಯೂ ತಿರುಗಲು ಒಲ್ಲೆನ್ನುತ್ತದೆ.

ಔಷಧಗಳ ಪ್ರಭಾವವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಐಬುಪ್ರೊಫೆನ್‌ನಂತಹ ನೋವುನಿವಾರಕಗಳು ಮೂಳೆ ಕರಗುವ ಕ್ರಿಯೆಗೆ ಬೇಕಾದ ಪ್ರೋಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ತಡೆಯುವುದರಿಂದ, ದೀರ್ಘಕಾಲ ಸೇವಿಸಿದರೆ ಚಲನೆ ನಿಧಾನವಾಗಬಹುದು. ಮೂಳೆಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಔಷಧಗಳ ಪರಿಣಾಮ ಇನ್ನೂ ತೀವ್ರ. ಚಿಕಿತ್ಸೆಯ ನಡುವೆ ವಸಡು ಊದಿಕೊಂಡರೆ ಅಥವಾ ಹುಳುಕು ತುಂಬಿಸಿದ ಹಲ್ಲಿನ ಆಕಾರ ಬದಲಾದರೆ ಮತ್ತೆ ಅಳತೆ ತೆಗೆಯಬೇಕಾಗುತ್ತದೆ.

ಹಲ್ಲು ಯೋಜನೆಯಿಂದ ಹಿಂದುಳಿದಿರುವುದರ ಮೊದಲ ಗುರುತು ಹಲ್ಲಿನ ತುದಿಗೂ ಕವಚಕ್ಕೂ ನಡುವೆ ಕಾಣುವ ಸಂದು. ಸಣ್ಣದಾದರೆ ಅದೇ ಕವಚವನ್ನು ಇನ್ನೊಂದು ವಾರ ತೊಡಿಸಿ, ಮೆತ್ತನೆಯ ರಬ್ಬರಿನ ತುಂಡನ್ನು ಕಚ್ಚಿಸಿ ಸರಿಪಡಿಸಬಹುದು. ಸಂದು ಹಿಗ್ಗಿದರೆ, ಅಥವಾ ಸರಣಿ ಮುಗಿದರೂ ಓರೆ ಉಳಿದಿದ್ದರೆ, ಬಾಯಿಯನ್ನು ಮತ್ತೆ ಸ್ಕ್ಯಾನ್ ಮಾಡಿ, ಹೊಸ ಯೋಜನೆ ಹಾಕಿ, ಹೊಸ ಸರಣಿ ತರಿಸಬೇಕು. ಇದಕ್ಕೆ ರಿಫೈನ್‌ಮೆಂಟ್ ಎನ್ನುತ್ತಾರೆ. ಯೋಜನೆ ಪರಿಶೀಲಿಸಿ, ತಯಾರಿಸಿ, ಸಾಗಿಸುವುದಕ್ಕೆ ಹಿಡಿಯುವ ಕೆಲವು ವಾರಗಳಲ್ಲಿ ರೋಗಿ ಹಳೆಯ ಕವಚವನ್ನೇ ತೊಟ್ಟು ಕಾಯುತ್ತಾನೆ, ಹಲ್ಲುಗಳು ಇದ್ದಲ್ಲೇ ಇರುತ್ತವೆ. ಇದು ಎಷ್ಟು ಸಾಮಾನ್ಯವೆಂಬುದಕ್ಕೆ ಕ್ರಾವಿಟ್ಜ್ ತಂಡ 500 ರೋಗಿಗಳ ದಾಖಲೆ ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ: ರಿಫೈನ್‌ಮೆಂಟ್ ಇಲ್ಲದೆ ಮುಗಿಸಿದವರು ಶೇಕಡಾ 6 ಮಾತ್ರ, ಒಬ್ಬರಿಗೆ ಸರಾಸರಿ ಎರಡೂವರೆ ಬಾರಿ ಅದು ಬೇಕಾಯಿತು, ಆರರಲ್ಲಿ ಒಬ್ಬರು ಕೊನೆಗೆ ಬ್ರೇಸಸ್‌ಗೆ ಬದಲಾದರು, ಚಿಕಿತ್ಸೆಯ ಸರಾಸರಿ ಅವಧಿ 23 ತಿಂಗಳಿಗೆ ಹತ್ತಿರವಿತ್ತು. ನೂರರಲ್ಲಿ ತೊಂಬತ್ತನಾಲ್ಕು ಮಂದಿಗೆ ಬೇಕಾಗುವುದನ್ನು ಅಪವಾದವೆಂದು ಕರೆಯಲಾಗದು. ಮೊದಲ ದಿನ ಹೇಳುವ ಅವಧಿಯಲ್ಲಿ ಅದನ್ನು ಸೇರಿಸಿ ಹೇಳುವುದೇ ಪ್ರಾಮಾಣಿಕವಾದ ಕ್ರಮ. ಒಪ್ಪಂದದ ಹಣದಲ್ಲಿ ಎಷ್ಟು ರಿಫೈನ್‌ಮೆಂಟ್ ಸೇರಿದೆ, ಅದಕ್ಕೆ ಕಾಲಮಿತಿ ಇದೆಯೇ ಎಂಬುದನ್ನು ರೋಗಿಗಳು ವಿರಳವಾಗಿ ಕೇಳುತ್ತಾರೆ.

ಕಾಲವನ್ನು ಕುಗ್ಗಿಸುವ ಪ್ರಯತ್ನಗಳೂ ನಡೆದಿವೆ. ಮೊದಲು ಎರಡು ವಾರಕ್ಕೊಮ್ಮೆ ಬದಲಿಸುತ್ತಿದ್ದ ಕವಚವನ್ನು ಈಗ ಅನೇಕರಿಗೆ ವಾರಕ್ಕೊಮ್ಮೆ ಬದಲಿಸಲು ಹೇಳಲಾಗುತ್ತದೆ. ಸುಲಭ ಚಲನೆಗಳಿಗೆ ಇದು ಸಾಕಾದರೂ, ಕಠಿಣ ಚಲನೆಗಳಲ್ಲಿ ಆ ಅವಸರ ಹಿಂದುಳಿದ ಹಲ್ಲುಗಳಾಗಿ, ಮತ್ತೊಂದು ಸರಣಿಯಾಗಿ ಮರಳಿ ಬರಬಹುದು. ಹಲ್ಲುಗಳನ್ನು ಕಂಪಿಸಿ ಚಲನೆಯನ್ನು ಚುರುಕುಗೊಳಿಸುತ್ತೇವೆಂದು ಮಾರುವ ಸಾಧನಗಳ ಬಗ್ಗೆ ನಡೆದ ನಿಯಂತ್ರಿತ ಪರೀಕ್ಷೆಗಳಲ್ಲಿ ನಂಬಲರ್ಹವಾದ ಲಾಭ ಕಂಡುಬಂದಿಲ್ಲ. ವೈದ್ಯರ ಮುಖಾಮುಖಿ ತಪಾಸಣೆಯನ್ನೇ ಕೈಬಿಟ್ಟು ಕವಚಗಳನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಅರ್ಧ ದಾರಿಯಲ್ಲಿದ್ದ ಗ್ರಾಹಕರು ಬೇರೆ ವೈದ್ಯರಲ್ಲಿ ಮೊದಲಿನಿಂದ ಆರಂಭಿಸಬೇಕಾಯಿತು.

ಕೊನೆಯ ತಿಂಗಳುಗಳ ಕೆಲಸ ರೋಗಿಯ ಕಣ್ಣಿಗೆ ಬೀಳದಂಥದ್ದು. ಮುಂದಿನ ಹಲ್ಲುಗಳು ಸಾಲಾಗಿ ನಿಂತ ಮೇಲೆಯೂ, ಎರಡು ದವಡೆಗಳ ನಡುವೆ ಸದಾ ಇರುವ ಪ್ಲಾಸ್ಟಿಕ್ಕಿನ ದಪ್ಪದಿಂದಾಗಿ ಹಿಂದವಡೆ ಹಲ್ಲುಗಳು ತುಸು ಒಳಗೊತ್ತಲ್ಪಟ್ಟು, ಕಚ್ಚಿದಾಗ ಒಂದಕ್ಕೊಂದು ತಾಗದೆ ಉಳಿಯುವುದುಂಟು. ಕನ್ನಡಿಯಲ್ಲಿ ಎಲ್ಲ ಮುಗಿದಂತೆ ಕಂಡರೂ ಅಗಿಯುವ ಹಲ್ಲುಗಳು ಅಗಿಯುವಂತಾಗುವವರೆಗೆ ಚಿಕಿತ್ಸೆ ಮುಗಿದಿಲ್ಲವೆಂದೇ ವೈದ್ಯರು ಹೇಳುತ್ತಾರೆ. ಆ ಬಳಿಕವೂ ತಿರುಗಿಸಿದ ಹಲ್ಲಿನ ಸುತ್ತಲಿನ ವಸಡಿನ ನಾರುಗಳು ತಿಂಗಳುಗಟ್ಟಲೆ ಹಳೆಯ ದಿಕ್ಕಿಗೇ ಎಳೆಯುತ್ತಿರುವುದರಿಂದ, ರಿಟೇನರ್ ಎಂಬ ಹಿಡಿಕವಚವನ್ನು ಮೊದಲ ಕೆಲವು ತಿಂಗಳು ಹಗಲೂ ರಾತ್ರಿ, ಆಮೇಲೆ ವರ್ಷಗಳ ಕಾಲ ರಾತ್ರಿ ತೊಡಬೇಕಾಗುತ್ತದೆ. ಆರಂಭದಲ್ಲಿ ಹೇಳಿದ ತಿಂಗಳುಗಳ ಲೆಕ್ಕದಲ್ಲಿ ಇದು ಸೇರಿರುವುದಿಲ್ಲ.